ಬಾಗಿಲು ತಟ್ಟೋಕೆ ಒಂದು ಪ್ರಶ್ನೆ ಸಾಕು

ಅಕ್ಕನ ಮಗಳು ಈ ವರ್ಷ ಮೈಸೂರು ಯೂನಿವರ್ಸಿಟಿಯ ಮಾನಸಗಂಗೋತ್ರಿಯಲ್ಲಿ ಎಂ.ಎ. ಸೇರಿದ್ದಾಳೆ. ಮಂಡ್ಯದಿಂದ ದಿನಾ ರೈಲಲ್ಲಿ ಹೋಗಿ ಬರುತ್ತಾಳೆ. ಮೊನ್ನೆ ಭಾನುವಾರ ಊಟಕ್ಕೆ ಕೂತಾಗ ಕೇಳಿದೆ, "ಮೇಷ್ಟ್ರುಗಳ ಹತ್ರ ಮಾತಾಡಿದ್ಯಾ?" ಅಂತ. "ಅಯ್ಯೋ ಮಾವ, ಚೇಂಬರ್ ಮುಂದೆ ನಿಂತ್ರೇ ಕೈ ಬೆವರುತ್ತೆ. ಏನಂತ ಹೇಳ್ಕೊಂಡು ಒಳಗೆ ಹೋಗ್ಲಿ?" ಅಂದಳು.

ಆ ಮಾತು ಅವತ್ತಿಂದ ತಲೆಯಲ್ಲೇ ಕೂತಿದೆ. ನಮ್ಮ ಮಳವಳ್ಳಿ, ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಹಳ್ಳಿಗಳಿಂದ ಹೋಗೋ ಮಕ್ಕಳು ಬಹಳಷ್ಟು ಜನ ಅವರ ಮನೆಯಲ್ಲಿ ಮೊದಲ ಸಲ ಯೂನಿವರ್ಸಿಟಿ ಮೆಟ್ಟಿಲು ಹತ್ತಿದವರು. ಮೇಷ್ಟ್ರು ಅಂದ್ರೆ ಎದ್ದು ನಿಂತು ನಮಸ್ಕಾರ ಹೇಳಬೇಕಾದವರು ಅಂತ ಮನೆಯಲ್ಲಿ ಕಲಿಸಿದ್ದಾರೆ. ಕೂತು ಮಾತಾಡಬಹುದಾದವರು ಅಂತ ಯಾರೂ ಹೇಳಿಕೊಟ್ಟಿಲ್ಲ. ಮೇಷ್ಟ್ರ ಮಕ್ಕಳಿಗೆ, ಪೇಟೆ ಮಕ್ಕಳಿಗೆ ಇದು ತಾನಾಗಿ ಗೊತ್ತಿರುತ್ತದೆ. ನಮ್ಮವರು ಎರಡು ವರ್ಷ ಕೊನೇ ಬೆಂಚಲ್ಲಿ ಕೂತು, ಮಾರ್ಕ್ಸ್ ಕಾರ್ಡ್ ತಗೊಂಡು ವಾಪಸ್ ಬರುತ್ತಾರೆ. ನನಗೆ ಇದು ತುಂಬಾ ನೋವಿನ ವಿಷಯ.

ನಾನು ಅಲ್ಲಿ ಇತಿಹಾಸ ಓದಿದವನು. ಮೊದಲನೇ ಸೆಮಿಸ್ಟರ್‌ನಲ್ಲಿ ಒಬ್ಬ ಮೇಷ್ಟ್ರನ್ನೂ ಮಾತಾಡಿಸಿರಲಿಲ್ಲ. ಆಮೇಲೆ ಸೆಮಿನಾರ್ ಬಂತು. ನಮ್ಮೂರ ಕೆರೆ ಏರಿ ಪಕ್ಕ ಒಂದು ವೀರಗಲ್ಲು ಬಿದ್ದಿತ್ತು. ಹೆಂಗಸರು ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು. ಅದರ ಬಗ್ಗೆಯೇ ಬರೆಯೋಣ ಅಂದುಕೊಂಡು ಲೈಬ್ರರಿಗೆ ಹೋದೆ. ಶಾಸನಗಳನ್ನು ಜಿಲ್ಲೆವಾರು ಸೇರಿಸಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಹಳೇ ಸಂಪುಟಗಳಲ್ಲಿ ಮಂಡ್ಯ ಜಿಲ್ಲೆಯ ಸಂಪುಟ ಹುಡುಕಿದೆ. ಎರಡು ದಿನ ಹುಡುಕಿದರೂ ಸಿಗಲಿಲ್ಲ. ಬೇರೆ ದಾರಿ ಇಲ್ಲದೆ ಮೇಷ್ಟ್ರ ಬಾಗಿಲು ತಟ್ಟಿದೆ.

"ಮಂಡ್ಯ ಜಿಲ್ಲೆ ಆಗಿದ್ದು ಯಾವಾಗಪ್ಪ?" ಅಂದರು. ಗೊತ್ತಿರಲಿಲ್ಲ. "1939. ನೀನು ನೋಡಬೇಕಾದ ಸಂಪುಟ ಅಚ್ಚಾಗಿದ್ದು 1894. ಆಗ ನಿಮ್ಮ ಮಳವಳ್ಳಿ ಯಾವ ಜಿಲ್ಲೆ?"

"ಮೈಸೂರು ಸಾರ್."

"ಹಂಗಾದ್ರೆ ಮೈಸೂರು ಸಂಪುಟ ತೆಗಿ."

ಅಷ್ಟೇ. ಐದು ನಿಮಿಷವೂ ಆಗಿರಲಿಲ್ಲ. ಹೊರಗೆ ಬಂದಾಗ ಭಯ ಅರ್ಧ ಇಳಿದಿತ್ತು. ಅವರು ನನ್ನನ್ನು ದಡ್ಡ ಅಂತ ನೋಡಲಿಲ್ಲ. ಉತ್ತರವನ್ನು ನನ್ನ ಬಾಯಿಂದಲೇ ಹೇಳಿಸಿದ್ದರು.

ಮುಂದಿನ ವಾರ ಮತ್ತೆ ಹೋದೆ. ಸಂಪುಟ ಪೂರ್ತಿ ನೋಡಿದೆ ಸಾರ್, ನಮ್ಮೂರ ಕಲ್ಲು ಅದರಲ್ಲಿ ಇಲ್ಲ ಅಂದೆ. ಓದುತ್ತಿದ್ದ ಪೇಪರ್ ಮಡಚಿಟ್ಟು ಕನ್ನಡಕ ಸರಿ ಮಾಡಿಕೊಂಡರು. ಕಲ್ಲಲ್ಲಿ ಎಷ್ಟು ಪಟ್ಟಿಕೆ, ಅಂದ್ರೆ ಕೆತ್ತನೆಯ ಅಡ್ಡಸಾಲು, ಇದೆ, ಕೆಳಗೆ ಕಾಳಗ ಇದೆಯಾ, ನಡುವೆ ಅಪ್ಸರೆಯರು ವೀರನನ್ನು ಹೊತ್ತುಕೊಂಡು ಹೋಗ್ತಿದ್ದಾರಾ, ಮೇಲೆ ಲಿಂಗ ಇದೆಯಾ, ಪಟ್ಟಿಕೆಗಳ ಮಧ್ಯೆ ಅಕ್ಷರ ಕಾಣುತ್ತಾ ಅಂತ ಒಂದೊಂದಾಗಿ ಕೇಳಿದರು. ಬೀರುವಿನಿಂದ ಒಂದು ಬ್ರಷ್ಷು, ಒಂದಿಷ್ಟು ಕಾಗದ ತೆಗೆದುಕೊಟ್ಟರು. ಕಲ್ಲನ್ನು ಚೆನ್ನಾಗಿ ತೊಳೆದು, ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ಮೆಲ್ಲಗೆ ಬಡಿದು ಕಾಗದ ಅಕ್ಷರದ ಗುಣಿಯೊಳಗೆ ಇಳಿಯೋ ಹಾಗೆ ಮಾಡಿ, ಆಮೇಲೆ ಮಸಿ ಒತ್ತಬೇಕು ಅಂತ ಟೇಬಲ್ ಮೇಲೇ ಮಾಡಿ ತೋರಿಸಿದರು. ಆ ಬ್ರಷ್ಷಿನ ಹಿಡಿ ಅವರ ಬೆರಳು ಕೂತಲ್ಲಿ ಸವೆದು ನುಣುಪಾಗಿತ್ತು. ನನ್ನ ಓದು ನಿಜವಾಗಿ ಶುರುವಾಗಿದ್ದು ಅವತ್ತು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ. ಮೇಷ್ಟ್ರ ಜೊತೆ ಒಳ್ಳೇ ಸಂಬಂಧ ಬೆಳೆಸೋದು ಅಂದ್ರೆ ಹಿಂದೆ ಮುಂದೆ ಸುತ್ತೋದಲ್ಲ, ಬ್ಯಾಗ್ ಹಿಡಿಯೋದಲ್ಲ, ಹುಟ್ಟುಹಬ್ಬಕ್ಕೆ ಹಾರ ತರೋದಲ್ಲ. ಓದಿನದೇ ಒಂದು ಪ್ರಶ್ನೆ ಇಟ್ಟುಕೊಂಡು ಹೋಗಿ. ಅವರು ಹೇಳಿದ್ದನ್ನು ಮಾಡಿ. ಮಾಡಿದ್ದನ್ನು ತಗೊಂಡು ಮತ್ತೆ ಹೋಗಿ. ಎಷ್ಟೋ ಜನ ಮೊದಲ ಸಲ ಹೋಗುತ್ತಾರೆ, ಎರಡನೇ ಸಲ ಹೋಗುವುದೇ ಇಲ್ಲ. ಈಗ ನಾನೂ ಪಾಠ ಮಾಡುತ್ತೇನೆ. ಕೊಟ್ಟ ಪುಸ್ತಕ ಓದಿ, ಅದರ ಬಗ್ಗೆ ಒಂದು ಮಾತಾಡಿ ವಾಪಸ್ ಕೊಟ್ಟ ಹುಡುಗಿಯನ್ನು ನಾನಂತೂ ಮರೆಯೋದಿಲ್ಲ.

ಶಿಫಾರಸು ಪತ್ರ ಬೇಕಾದರೆ ನಾಳೆ ಕೊನೇ ದಿನ ಅಂತ ಇವತ್ತು ಸಂಜೆ ಓಡಬೇಡಿ. ಎರಡು ಮೂರು ವಾರ ಮುಂಚೆ ಕೇಳಿ. ಮಾರ್ಕ್ಸ್ ಕಾರ್ಡು, ಯಾವುದಕ್ಕೆ ಅರ್ಜಿ ಹಾಕ್ತಿದ್ದೀರಿ, ಅವರ ಹತ್ತಿರ ಯಾವ ಪೇಪರ್ ಓದಿದ್ರಿ ಎಲ್ಲಾ ಬರೆದುಕೊಡಿ. ಸೀಟು ಸಿಕ್ಕ ಮೇಲೆ ಒಂದು ಫೋನ್ ಮಾಡಿ ಹೇಳಿ. ಇದನ್ನು ಮಾತ್ರ ತುಂಬಾ ಜನ ಮರೀತಾರೆ.

ಅತಿಥಿ ಉಪನ್ಯಾಸಕರನ್ನು ಕಡೆಗಣಿಸಬೇಡಿ. ಎಷ್ಟೋ ಕಡೆ ಅವರಿಗೆ ಚೇಂಬರ್ ಇಲ್ಲ, ಕಾರಿಡಾರಲ್ಲೇ ನಿಂತು ಮಾತಾಡಬೇಕು. ನನಗೆ ಹಳಗನ್ನಡ ಲಿಪಿ ಓದೋದು ಕಲಿಸಿದ್ದು ಅಂಥ ಒಬ್ಬರು, ಬಸ್ ಸ್ಟ್ಯಾಂಡಿನ ಬೆಂಚಲ್ಲಿ ಕೂರಿಸಿಕೊಂಡು.

ಎಲ್ಲರೂ ಒಳ್ಳೆಯವರೇ ಅಂತ ಹೇಳೋಕೆ ಬರಲ್ಲ. ಡಿಗ್ರಿಯಲ್ಲಿ ಒಬ್ಬರು ನನ್ನ ಇಂಗ್ಲಿಷ್ ಉಚ್ಚಾರಣೆಯನ್ನು ಇಡೀ ಕ್ಲಾಸಿನ ಮುಂದೆ ಆಡಿಕೊಂಡು ನಕ್ಕಿದ್ದರು. ಆ ಮೇಲೆ ವರ್ಷಗಟ್ಟಲೆ ನಾನು ಪ್ರಶ್ನೆ ಕೇಳಲಿಲ್ಲ. ಸಂಶೋಧನಾ ವಿದ್ಯಾರ್ಥಿಗಳ ಕೈಲಿ ಮನೆ ಕೆಲಸ ಮಾಡಿಸೋರೂ ಇದ್ದಾರೆ. ಹೆಣ್ಣುಮಕ್ಕಳಿಗೆ ರಾತ್ರಿ ಹೊತ್ತು ಮೆಸೇಜ್ ಮಾಡೋರೂ ಇದ್ದಾರೆ. ಅಂಥ ಕಡೆ ಗುರುಭಕ್ತಿ ಅಂತ ಸುಮ್ನೆ ಸಹಿಸಿಕೊಳ್ಳಬೇಡಿ. ಮನೆಯವರಿಗೆ ಹೇಳಿ, ವಿಭಾಗದ ಮುಖ್ಯಸ್ಥರಿಗೆ ಹೇಳಿ. ಲೈಂಗಿಕ ಕಿರುಕುಳವಾದರೆ ಆಂತರಿಕ ದೂರು ಸಮಿತಿಗೆ ಬರೆದುಕೊಡಿ. ಆ ಸಮಿತಿ ಇರಲೇಬೇಕು ಅಂತ ಕಾನೂನೇ ಹೇಳುತ್ತದೆ.

ಆದರೆ ಅಂಥವರ ಕಾರಣಕ್ಕೆ ಉಳಿದವರನ್ನು ಕಳೆದುಕೊಳ್ಳಬಾರದು, ಅಲ್ವಾ? ಮಾನಸಗಂಗೋತ್ರಿಗೆ ಆ ಹೆಸರಿಟ್ಟ ಕುವೆಂಪು ತಮ್ಮ ಮಹಾಕಾವ್ಯವನ್ನು ಅರ್ಪಿಸಿದ್ದು ಗುರುಗಳಾದ ಟಿ.ಎಸ್. ವೆಂಕಣ್ಣಯ್ಯನವರಿಗೆ. ಗುರುಗಳು ತೀರಿಕೊಂಡಿದ್ದು 1939ರಲ್ಲಿ. ಕಾವ್ಯ ಅಚ್ಚಾಗಿ ಬರೋ ಹೊತ್ತಿಗೆ ಸುಮಾರು ಹತ್ತು ವರ್ಷ ಕಳೆದಿತ್ತು. ಆದರೂ ಅರ್ಪಣೆ ಅವರಿಗೇ. ನಮ್ಮ ಮೈಸೂರಿನಲ್ಲಿ ಗುರುಶಿಷ್ಯರ ನಂಟು ಅಷ್ಟು ಗಟ್ಟಿಯಾಗಿತ್ತು.

ಹೋದ ತಿಂಗಳು ಕುಕ್ಕರಹಳ್ಳಿ ಕೆರೆ ದಂಡೆ ಮೇಲೆ ನಮ್ಮ ಮೇಷ್ಟ್ರು ಸಿಕ್ಕರು. ನಿವೃತ್ತಿಯಾಗಿ ವರ್ಷಗಳಾದವು. ನನ್ನ ಹೆಸರು ತಕ್ಷಣ ನೆನಪಾಗಲಿಲ್ಲ. ಮುಖ ನೋಡುತ್ತಾ ಸ್ವಲ್ಪ ಹೊತ್ತು ನಿಂತವರು, "ಮಳವಳ್ಳಿ ವೀರಗಲ್ಲು ಅಲ್ವೇನಪ್ಪ? ಈಗ ಎಲ್ಲಿದೆ ಆ ಕಲ್ಲು?" ಅಂದರು.

ಅರಳೀಕಟ್ಟೆ ಪಕ್ಕ ನಿಲ್ಲಿಸಿದ್ದೀವಿ ಸಾರ್, ಯಾರೂ ಬಟ್ಟೆ ಒಗೆಯಲ್ಲ ಈಗ ಅಂದೆ.

"ಫೋಟೋ ಇದೆಯಾ?" ಅಂತ ಕನ್ನಡಕ ತೆಗೆದು ಒರೆಸಿಕೊಂಡರು.