ಸ್ಟ್ರೋಕ್ ಚಿಕ್ಕದೇ, ಆದ್ರೆ ಅಪ್ಪ ಮೊದಲಿನ ಥರ ಇಲ್ಲ

ಹೋದ ವರ್ಷ ಒಂದಿನ ಬೆಳಗ್ಗೆ ಅಪ್ಪ ಶರ್ಟಿನ ಗುಂಡಿ ಹಾಕ್ಕೊಳ್ಳೋಕೆ ಹೋದ್ರೆ ಬಲಗೈ ಬೆರಳು ಮಾತೇ ಕೇಳ್ತಿಲ್ಲ. "ಕೈ ಮೇಲೆ ಮಲಗಿರ್ಬೇಕು ಬಿಡ್ರಿ" ಅಂದ್ಲು ಅಮ್ಮ, ಆಮೇಲೆ ನೋಡಿದ್ರೆ ತುಟೀನೂ ಒಂಚೂರು ವಾರೆ, ಆಟೋ ಹಿಡ್ಕೊಂಡು ಆಸ್ಪತ್ರೆಗೆ ಓಡಿದ್ವಿ. ಸಿಟಿ ಸ್ಕ್ಯಾನಲ್ಲಿ ಏನೂ ಕಾಣ್ಲಿಲ್ಲ. ಸಿಟಿ ಮೊದ್ಲು ಮಾಡೋದೇ ಒಳಗೆ ರಕ್ತಸ್ರಾವ ಆಗಿದೆಯಾ ಅಂತ ನೋಡೋಕಂತೆ, ಸಣ್ಣ ಸ್ಟ್ರೋಕ್ ಅದ್ರಲ್ಲಿ ತಪ್ಪಿಸ್ಕೊಳ್ಳೋದು ಮಾಮೂಲು. ಎಂಆರ್‌ಐ ಮಾಡಿಸಿದಾಗ ಕಡ್ಲೆಕಾಳಿನಷ್ಟು ಬಿಳಿ ಚುಕ್ಕೆ ಸಿಕ್ತು. "ಚಿಕ್ಕದು, ಮೂರು ತಿಂಗಳಲ್ಲಿ ಸರಿಹೋಗ್ತಾರೆ" ಅಂದ್ರು ಡಾಕ್ಟರ್.

ಕೈ ನಿಜವಾಗ್ಲೂ ಸರಿಹೋಯ್ತು. ಆದ್ರೆ ಅಪ್ಪ ಮಂಡಕ್ಕಿ ಭಟ್ಟೀಲಿ ಮೂವತ್ತು ವರ್ಷ ಲೆಕ್ಕ ಬರ್ದೋರು, ಈಗ ಚೀಲ ಎಣಿಸ್ತಾ ನಲವತ್ತಕ್ಕೆ ಬಂದಾಗ ಯಾರಾದ್ರೂ "ಅಣ್ಣಾ" ಅಂತ ಕೂಗಿದ್ರೆ ಸಾಕು, ವಾಪಸ್ ಒಂದರಿಂದ ಶುರು. ಸಂಜೆ ಆದ್ರೆ ಸುಸ್ತು, ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿಬಿಡ್ತಿದ್ರು. ಕೈ ಸರಿ ಐತಲ್ಲ, ಇನ್ನೇನು ಧಾಡಿ ಅಂತ ನಾನೇ ರೇಗಿದ್ದೀನಿ. ಅದು ನೆನಪಾದ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ.

ಆರು ತಿಂಗಳಾದ್ಮೇಲೆ ಬೇರೆ ಡಾಕ್ಟರ್ ಅದೇ ಎಂಆರ್‌ಐ ಫಿಲ್ಮನ್ನ ಬೆಳಕಿಗೆ ಹಿಡಿದು, ಹೊಸ ಚುಕ್ಕೆ ಬಿಟ್ಟು ಅದರ ಸುತ್ತ ಇದ್ದ ಹಳೇ ಬಿಳಿ ಮಚ್ಚೆಗಳನ್ನ ತೋರ್ಸಿದ್ರು. ವರ್ಷಾನುಗಟ್ಟಲೆ ಬಿಪಿಗೆ ಸಣ್ಣ ರಕ್ತನಾಳಗಳು ಸವೆದಿದ್ದರ ಗುರುತು, ಅದನ್ನ ಸೊನ್ನೆಯಿಂದ ಮೂರರವರೆಗೆ ಅಳೆಯೋ ಫಜೆಕಾಸ್ ಅನ್ನೋ ಸ್ಕೇಲೇ ಇದೆ. ನನಗೆ ಆಗ ಹೊಳೆದಿದ್ದು ನಮ್ಮೂರ ಅಶೋಕ ರೋಡ್ ರೈಲ್ವೆ ಗೇಟ್. ಗೇಟ್ ಬಿದ್ರೂ ಅಡ್ಡರಸ್ತೆ ಚೆನ್ನಾಗಿದ್ರೆ ಜನ ಹೆಂಗೋ ಸುತ್ತಿ ಹೋಗ್ತಾರೆ, ಅವೂ ಗುಂಡಿ ಬಿದ್ದಿದ್ರೆ? ಅಪ್ಪನ ತಲೆಯಲ್ಲೂ ಹಂಗೇ, ಹೊಸ ಚುಕ್ಕೆ ಅಂದ್ರೆ ಬಿದ್ದ ಗೇಟ್, ಹಳೇ ಮಚ್ಚೆ ಅಂದ್ರೆ ಗುಂಡಿ ಬಿದ್ದ ಅಡ್ಡರಸ್ತೆ. ಚುಕ್ಕೆ ಎಷ್ಟು ದೊಡ್ಡದು ಅನ್ನೋದಷ್ಟೇ ಅಲ್ಲ, ಎಲ್ಲಿದೆ ಅನ್ನೋದೂ ಮುಖ್ಯ. ಕೈಕಾಲಿಗೆ ಹೋಗೋ ನರದ ಎಳೆಗಳೆಲ್ಲ ಒತ್ತಾಗಿ ಕೂಡೋ ಜಾಗದಲ್ಲಿ ಕಾಳಿನಷ್ಟು ಪೆಟ್ಟಾದ್ರೂ ಮೈಯ ಒಂದು ಕಡೆ ಪೂರ್ತಿ ಬಿದ್ದುಹೋಗಬಹುದು.

ಹಾಗಂತ ಸ್ಕ್ಯಾನ್ ಒಂದೇ ಭವಿಷ್ಯ ಹೇಳಲ್ಲ. ನ್ಯೂಜಿಲೆಂಡಿನ ಆಕ್ಲೆಂಡಲ್ಲಿ ಮಾಡಿದ ಪ್ರೆಪ್-2 ಅನ್ನೋ ವಿಧಾನದಲ್ಲಿ ಸ್ಟ್ರೋಕ್ ಆದ ಮೂರು ದಿನದೊಳಗೆ ಭುಜ ಎತ್ತಕ್ಕಾಗುತ್ತಾ, ಬೆರಳು ಬಿಚ್ಚಕ್ಕಾಗುತ್ತಾ ನೋಡಿ ಅಲ್ಲಿಂದ ಲೆಕ್ಕ ಶುರು ಮಾಡ್ತಾರೆ. ಮೊದಲ ಆವೃತ್ತೀಲಿ ಎಂಆರ್‌ಐ ಇತ್ತು, 2017ರದ್ದರಲ್ಲಿ ಬಿಟ್ರು, ಆದ್ರೂ ಮೂರು ತಿಂಗಳಿಗೆ ಕೈ ಎಷ್ಟು ಬರುತ್ತೆ ಅನ್ನೋದು ನಾಲ್ಕರಲ್ಲಿ ಮೂವರಿಗೆ ಸರಿ ಬಂತು. ಆದ್ರೆ ಅದು ಕೈಯ ಲೆಕ್ಕ ಮಾತ್ರ, ಅಪ್ಪನ ಚೀಲದ ಲೆಕ್ಕ ಅದ್ರಲ್ಲಿ ಬರಲ್ಲ.

ಡಾಕ್ಟರ್‌ಗಳಲ್ಲಿ ನನ್ನ ಕೋರಿಕೆ ಇಷ್ಟೇ ಸರ್, ಫಿಲ್ಮ್ ನೋಡುವಾಗ ಹಳೇ ಮಚ್ಚೆಗಳ ಬಗ್ಗೇನೂ ಎರಡು ಮಾತು ಹೇಳಿ. ಸುಸ್ತಾಗ್ಬೋದು, ಗಮನ ತಪ್ಪಬೋದು, ಬೇಕಂತ ಮಾಡ್ತಿಲ್ಲ ಅಂತ. ಆ ಎರಡು ಮಾತು ಮೊದಲೇ ಗೊತ್ತಿದ್ದಿದ್ರೆ ನಾನು ಅವತ್ತು ರೇಗ್ತಿರ್ಲಿಲ್ಲ. ಈಗ ಅಪ್ಪ ಹತ್ತು ಚೀಲಕ್ಕೊಂದು ಗೆರೆ ಅಂತ ಸೀಮೆಸುಣ್ಣದಲ್ಲಿ ಭಟ್ಟಿ ಗೋಡೆ ಮೇಲೆ ಎಳೀತಾರೆ, ಯಾರಾದ್ರೂ ಕರೆದ್ರೆ ಹೋಗಿ ಮಾತಾಡಿ ಬಂದು ಗೆರೆ ನೋಡಿ ಮುಂದಕ್ಕೆ ಎಣಿಸ್ತಾರೆ.