ಗುಂಡಿ ಇಲ್ಲದ ಗಾಲ್ಫು, ಮುಚ್ಚಳ ಇಲ್ಲದ ಹಾಲು

ಬೆಳಗಾವಿಯಲ್ಲಿ ಗಾಲ್ಫ್ ಅಂದರೆ ಜನಕ್ಕೆ ಮೊದಲು ನೆನಪಾಗೋದು ಚಿರತೆ. 2022ರ ಆಗಸ್ಟ್‌ನಲ್ಲಿ ಒಂದು ಚಿರತೆ ಇಲ್ಲಿನ ಗಾಲ್ಫ್ ಮೈದಾನದ ಪೊದೆಗಳಲ್ಲಿ ಹೊಕ್ಕು ಕುಳಿತಿತ್ತು. ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟರು. ಬೋನು ಇಟ್ಟರು, ಕ್ಯಾಮೆರಾ ಕಟ್ಟಿದರು, ಶಿವಮೊಗ್ಗದ ಸಕ್ರೆಬೈಲಿನಿಂದ ಆನೆಗಳನ್ನೂ ಕರೆಸಿದರು. ಚಿರತೆ ಮಾತ್ರ ವಾರಗಟ್ಟಲೆ ಎಲ್ಲರನ್ನೂ ಆಟ ಆಡಿಸಿ, ಯಾರ ಕೈಗೂ ಸಿಗದೆ ತನ್ನ ಪಾಡಿಗೆ ಹೋಯಿತು. ಆ ಮೈದಾನದಲ್ಲಿ ಅಷ್ಟು ಚೆನ್ನಾಗಿ ಆಡಿದವರು ಇನ್ನೊಬ್ಬರಿಲ್ಲ ಅಂತ ನನ್ನ ಅಭಿಪ್ರಾಯ.

ಹಾಗಾಗಿ ಹೋದ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದಿಂದ ರಜೆಗೆ ಬಂದ ಅಣ್ಣನ ಮಗ "ಕಾಕಾ, ನಾಳಿ ಮುಂಜಾನೆ ಗಾಲ್ಫ್ ಆಡೂಣು" ಅಂದಾಗ ನನ್ನ ಹೆಂಡತಿ ಸೌಟು ಹಿಡಿದುಕೊಂಡೇ ಹೊರಗೆ ಓಡಿ ಬಂದಳು. "ಅದು ಮತ್ತ ಬಂತೇನ್ರೀ?"

ಇದು ಆ ಗಾಲ್ಫ್ ಅಲ್ಲ, ಡಿಸ್ಕ್ ಗಾಲ್ಫ್ ಅಂತ ಹುಡುಗ ಬ್ಯಾಗ್ ಬಿಚ್ಚಿದ. ಒಳಗೆ ಬಣ್ಣಬಣ್ಣದ ಹದಿನಾಲ್ಕು ಪ್ಲಾಸ್ಟಿಕ್ ತಟ್ಟೆಗಳು. ಚೆಂಡಿಲ್ಲ, ಕೋಲಿಲ್ಲ. ತಟ್ಟೆಯನ್ನು ಬೀಸಿ ಒಗೆಯಬೇಕು, ದೂರದ ಕಂಬಕ್ಕೆ ಕಟ್ಟಿದ ಸರಪಳಿಗೆ ಬಡಿದು ಕೆಳಗಿನ ಬುಟ್ಟಿಗೆ ಬೀಳಬೇಕು. ಕಡಿಮೆ ಒಗೆತದಲ್ಲಿ ಮುಗಿಸಿದವನು ಗೆದ್ದ. ಬುಟ್ಟಿ ನೆಲದ ಮೇಲೆ ಎದ್ದು ನಿಂತಿದ್ದರೂ ಅದಕ್ಕೆ 'ಹೋಲ್' ಅಂತಲೇ ಹೆಸರು. ನಮ್ಮಲ್ಲೂ ಮಹಾ ಜಗಳಗಂಟನಿಗೆ ಶಾಂತಪ್ಪ ಅಂತ ಹೆಸರಿರುವುದಿಲ್ಲವೇ, ಹಾಗೆ.

ಮರುದಿನ ಬೆಳಿಗ್ಗೆ ನೋಡಿದರೆ ಬ್ಯಾಗಿನಲ್ಲಿ ಹನ್ನೊಂದೇ ತಟ್ಟೆ. ಉಳಿದ ಮೂರು ಅಡುಗೆಮನೆಯಲ್ಲಿದ್ದವು. ಒಂದು ಮೊಸರಿನ ಮೇಲೆ, ಒಂದು ಹಿಂಡಿಪಲ್ಲೆಯ ಮೇಲೆ, ಒಂದು ಹಾಲಿನ ಬೋಗುಣಿಯ ಮೇಲೆ. ಡಿಸ್ಕಿನ ಅಗಲ ಸುಮಾರು 21 ಸೆಂಟಿಮೀಟರ್. ನಮ್ಮ ಹಾಲಿನ ಬೋಗುಣಿಗೆ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು. ದೂರ ಹೋಗುವ 'ಡ್ರೈವರ್'ಗೆ ಅಂಚು ಚೂಪು, ಬುಟ್ಟಿಗೆ ಹಾಕುವ 'ಪಟ್ಟರ್'ಗೆ ಅಂಚು ದಪ್ಪ ಅಂತ ಹುಡುಗ ನನಗೆ ಅರ್ಧ ತಾಸು ಪಾಠ ಹೇಳಿದ್ದ. ಅವ್ವ ಯಾರ ಪಾಠವೂ ಇಲ್ಲದೆ ಹದಿನಾಲ್ಕರಲ್ಲಿ ಮೂರೂ ಪಟ್ಟರ್‌ಗಳನ್ನೇ ಆರಿಸಿದ್ದಳು. "ಅಂಚು ದಪ್ಪ ಇದ್ದದ್ದು ಚಲೋ ಕೂಡ್ತೈತಿ."

ಅವುಗಳನ್ನು ಬಿಡಿಸಿಕೊಳ್ಳಲು ಹುಡುಗ ಆಟದ ಮಹಿಮೆ ಹೇಳಬೇಕಾಯಿತು. ಮೊದಲು ಗಿಡ, ದೀಪದ ಕಂಬ ಇಂಥವನ್ನೇ ಗುರಿ ಮಾಡಿ ಆಡುತ್ತಿದ್ದರಂತೆ. ಎಡ್ ಹೆಡ್ರಿಕ್ ಅನ್ನುವವರು ಸರಪಳಿ ಬುಟ್ಟಿ ಕಂಡುಹಿಡಿದು 1977ರಲ್ಲಿ ಪೇಟೆಂಟ್ ಪಡೆದರು. ಅದಕ್ಕೂ ಮುಂಚೆ, 1975ರಲ್ಲೇ, ಕ್ಯಾಲಿಫೋರ್ನಿಯಾದ ಓಕ್ ಗ್ರೋವ್‌ನಲ್ಲಿ ಮೊದಲ ಕಾಯಂ ಮೈದಾನ ಮಾಡಿಸಿದ್ದರು. 2002ರಲ್ಲಿ ತೀರಿಕೊಂಡಾಗ ಅವರ ಆಸೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿನಲ್ಲಿ ಬೆರೆಸಿ ಡಿಸ್ಕ್ ಮಾಡಿದರು.

ಅವ್ವ ಎದ್ದು ಹೋಗಿ ಬೋಗುಣಿಯ ಮೇಲಿನ ಪಟ್ಟರ್ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. "ಇದ್ರಾಗ ಯಾರರ ಅಜ್ಜ ಅದಾನೇನ್?"

"ಇಲ್ಲ ಆಯಿ, ಇದು ಬರೇ ಪ್ಲಾಸ್ಟಿಕ್."

"ಹಂಗಾರ ಹಾಲಿಗೆ ನಡೀತೈತಿ" ಅಂತ ಮತ್ತೆ ಮುಚ್ಚಿಟ್ಟಳು. ಎರಡು ಬಿಡುಗಡೆಯಾದವು, ಒಂದು ಅಲ್ಲೇ ಉಳಿಯಿತು.

ಈ ಆಟದವರಿಗೆ ಒಂದು ಚಟ. ನಾವು ಯಾವ ಊರಲ್ಲಿ ಯಾವ ಮಿರ್ಚಿ ಭಜಿ ಚಲೋ ಅಂತ ಹೇಳುತ್ತೇವಲ್ಲ, ಅವರು ಯಾವ ಮೈದಾನದ ಎಷ್ಟನೇ ಹೋಲ್ ಚಲೋ ಅಂತ ಹೇಳುತ್ತಾರೆ. ನಮ್ಮ ಹುಡುಗನ ಬಾಯಲ್ಲಿ ಮೂರು ಸದಾ ಇದ್ದವು. ಸಾಂಟಾ ಕ್ರೂಜ್‌ನ ಡಿ ಲಾ ವಿಯಾಗ ಮೈದಾನದ 27ನೇ ಹೋಲ್, ಗುಡ್ಡದ ನೆತ್ತಿಯಿಂದ ಕೆಳಕ್ಕೆ ಒಗೆಯುವಂಥದ್ದು, ಅದಕ್ಕೆ 'ಜಗದ ತುದಿ' ಅನ್ನೋ ಅರ್ಥದ ಹೆಸರು. ಸೌತ್ ಕ್ಯಾರೊಲಿನಾದ ವಿಂತ್ರೋಪ್ ಮೈದಾನದ 17ನೇದು, ಸುತ್ತ ಹುಲ್ಲಿನ ಪೆಂಡಿ ಜೋಡಿಸಿ ಮಾಡಿದ ನಡುಗಡ್ಡೆ. ಮತ್ತೆ ಯೂಟಾದ ಆಗ್ಡನ್‌ನಲ್ಲಿ 2021ರ ವಿಶ್ವ ಚಾಂಪಿಯನ್‌ಷಿಪ್ಪಿನ ಕೊನೆಯ ಹೋಲ್. ಅಲ್ಲಿ ಜೇಮ್ಸ್ ಕಾನ್ರಾಡ್ 247 ಅಡಿ ದೂರದಿಂದ ಸೀದಾ ಬುಟ್ಟಿಗೆ ಹಾಕಿ, ಸೋತೇ ಹೋಗಿದ್ದ ಪಂದ್ಯವನ್ನು ಸಮ ಮಾಡಿಕೊಂಡು ಆಮೇಲೆ ಗೆದ್ದ. ಆ ವಿಡಿಯೋವನ್ನು ಹುಡುಗ ಮನೆಮಂದಿಗೆಲ್ಲ ತೋರಿಸಿದ. ಅವ್ವ ಎರಡು ಸಲ ನೋಡಿ, "ಇವ ಮನಿ ಮುಂದ ನಿಂತು ಹಿತ್ತಲದಾಗಿನ ಗಡಿಗಿ ಮುಚ್ಚತಾನ ಬಿಡು" ಅಂದಳು. ಕಾನ್ರಾಡ್‌ಗೆ ಇದಕ್ಕಿಂತ ದೊಡ್ಡ ಬಿರುದು ಸಿಕ್ಕಿರಲಾರದು.

ನನಗೂ ಈಗ ಇಷ್ಟದ ಹೋಲ್‌ಗಳಿವೆ. ಒಂದರಲ್ಲೂ ನಾನು ಚೆನ್ನಾಗಿ ಆಡಿಲ್ಲ, ಆ ಮಾತು ಬೇರೆ.

ಮೊದಲನೇದು ಟಿಳಕವಾಡಿಯ ವ್ಯಾಕ್ಸಿನ್ ಡಿಪೋದಲ್ಲಿ. ದೊಡ್ಡ ದೊಡ್ಡ ಗಿಡಗಳಿರುವ ಜಾಗ, ಬೆಳಗಿನ ವಾಕಿಂಗ್‌ನವರ ಸ್ವರ್ಗ. ಒಂದು ಗಿಡಕ್ಕೆ ಟವೆಲ್ ಸುತ್ತಿ ಅದನ್ನೇ ಹೋಲ್ ಮಾಡಿದೆವು. ಒಗೆದ ಡಿಸ್ಕು ಯಾರ ಕಡೆಗಾದರೂ ಹೋದರೆ "ಫೋರ್!" ಅಂತ ಕೂಗಬೇಕಂತೆ, ಅವರು ತಲೆ ತಗ್ಗಿಸುತ್ತಾರಂತೆ. ನನ್ನ ಮೊದಲ ಒಗೆತವೇ ಮಂಕಿ ಟೋಪಿ ಹಾಕಿಕೊಂಡು ಹೊರಟಿದ್ದ ಹಿರಿಯರೊಬ್ಬರ ಕಡೆಗೆ ತಿರುಗಿತು. "ಫೋರ್!" ಅಂತ ಇಬ್ಬರೂ ಕೂಗಿದೆವು. ಭಾರತದಲ್ಲಿ ಫೋರ್ ಅಂತ ಕೂಗಿದರೆ ಯಾರಾದರೂ ತಲೆ ತಗ್ಗಿಸುತ್ತಾರೆಯೇ? ಹಿರಿಯರು ನಿಂತು, ತಲೆ ಎತ್ತಿ, ಬೌಂಡರಿ ಯಾವ ಕಡೆ ಹೋಯಿತು ಅಂತ ಹುಡುಕಿದರು. ಬೌಂಡರಿ ಅವರ ಟೋಪಿಗೇ ಬಂತು. ಪುಣ್ಯಕ್ಕೆ ಉಣ್ಣೆ ದಪ್ಪ ಇತ್ತು.

ಕಾಲು ಮುಟ್ಟಿ ಕ್ಷಮೆ ಕೇಳಿದ ಮೇಲೆ ಫೋರ್ ಬಿಟ್ಟು "ಬಗ್ಗ್ರೀ!" ಅಂತ ಶುರು ಮಾಡಿದೆವು. ಇದು ಕೆಲಸ ಮಾಡಿತು. ಒಂದೇ ತೊಂದರೆ, ಆಚೆ ಕಡೆ ವ್ಯಾಯಾಮಕ್ಕೆ ಮೊದಲೇ ಬಗ್ಗಿ ನಿಂತಿದ್ದವರು ಯಾರು ಕರೆದರು ಅಂತ ನೆಟ್ಟಗಾದರು.

ಅಷ್ಟರಲ್ಲಿ ನಾಯಿಯೊಂದು ಹಾರುತ್ತಿದ್ದ ಡಿಸ್ಕನ್ನು ಗಾಳಿಯಲ್ಲೇ ಕಚ್ಚಿಕೊಂಡು ಓಡಿತು. ಇದಕ್ಕೂ ನಿಯಮ ಇದೆಯಂತೆ! ನೆಲಕ್ಕೆ ಬಿದ್ದು ನಿಂತ ಮೇಲೆ ಯಾರಾದರೂ ಒಯ್ದರೆ ಬಿದ್ದ ಜಾಗದಿಂದ ಆಡಬೇಕು, ಹಾರುವಾಗಲೇ ಹಿಡಿದು ಒಯ್ದರೆ ಹಿಡಿದ ಜಾಗದಿಂದ. ಹುಡುಗ ನಿಯಮ ಹೇಳುತ್ತಾ ಓಡುತ್ತಿದ್ದ, ನಾನು ಕೇಳುತ್ತಾ ಓಡುತ್ತಿದ್ದೆ, ನಾಯಿಗೆ ಎರಡೂ ಬೇಕಿರಲಿಲ್ಲ. ಕೊನೆಗೆ ಎರಡು ಪಾರ್ಲೆ-ಜಿಗೆ ವ್ಯವಹಾರ ಕುದುರಿತು. ಆ ಡಿಸ್ಕಿನ ಮೇಲೆ ಈಗಲೂ ನಾಲ್ಕು ಹಲ್ಲಿನ ಗುರುತಿದೆ.

ಎರಡನೇದು ರಾಜಹಂಸಗಡದ ಕೆಳಗಿನ ಇಳಿಜಾರು, ನಮ್ಮ 'ಜಗದ ತುದಿ'. ಯಳ್ಳೂರಿನ ಆ ಗುಡ್ಡದ ಗಾಳಿ ಗೊತ್ತಿದ್ದವರಿಗೆ ಜಾಸ್ತಿ ಹೇಳಬೇಕಿಲ್ಲ. ಓಡಿ ಬಂದು, ಕಾಲು ಅಡ್ಡಡ್ಡ ಇಟ್ಟು, ಸೊಂಟ ತಿರುಗಿಸಿ ಒಗೆಯಬೇಕು ಅಂದಿದ್ದ. ಹಾಗೇ ಮಾಡಿದೆ. ಡಿಸ್ಕು ಹತ್ತು ಮಾರು ಹೋಗಿ ಗಾಳಿಗೆ ಎದ್ದು ನಮ್ಮ ಹಿಂದೆಯೇ ಬಂದು ಬಿತ್ತು. ಬಲಗಾಲಿನ ಚಪ್ಪಲಿ ಮಾತ್ರ ಇಳಿಜಾರಿನಲ್ಲಿ ಚೆನ್ನಾಗಿ ಹೋಯಿತು. ಅದಕ್ಕೆ ಅಂಕ ಇಲ್ಲವಂತೆ.

ಆದರೆ ನನ್ನ ಮನಸ್ಸು ಇರೋದು ಮೂರನೇದರಲ್ಲಿ. ಖಾನಾಪುರದ ಕಡೆ ನಮ್ಮದೊಂದು ತುಂಡು ಹೊಲ ಇದೆ. ಅರ್ಧ ಭತ್ತ, ಅರ್ಧ ಕಬ್ಬು. ಭತ್ತ ಬಡಿದಾಗಿತ್ತು, ಹುಲ್ಲು ಪೆಂಡಿ ಕಟ್ಟಿ ಇಟ್ಟಿದ್ದರು. ಅದನ್ನು ನೋಡಿದ್ದೇ ಹುಡುಗನಿಗೆ ವಿಂತ್ರೋಪ್ ನೆನಪಾಗಿ ಮೈಮೇಲೆ ಬಂದ ಹಾಗಾಯಿತು. ಒಂದು ಗಳ ನೆಟ್ಟು, ಮೇಲೆ ದನ ಕಟ್ಟುವ ಸರಪಳಿಗಳನ್ನು ಇಳಿಬಿಟ್ಟು, ಕೆಳಗೆ ಬಿದಿರಿನ ಬುಟ್ಟಿ ಕಟ್ಟಿದ. ಸುತ್ತ ಮೂವತ್ತು ನಲವತ್ತು ಪೆಂಡಿಗಳನ್ನು ದುಂಡಗೆ ಜೋಡಿಸಿದ. ಪೆಂಡಿಯ ಒಳಗೆ ಬಿದ್ದರೆ ಸರಿ, ಹೊರಗೆ ಬಿದ್ದರೆ ಒಂದು ಒಗೆತ ದಂಡ. ಹೊಲ ನೋಡಿಕೊಳ್ಳುವ ಹಿರಿಯರು ಬದುವಿನ ಮೇಲೆ ಕುಳಿತು ಎಲ್ಲ ನೋಡಿದರು. ತಂಬಾಕು ತಿಕ್ಕುತ್ತಾ, "ಇದು ಏನ್ ದೇವ್ರರೀ ಸಾಹೇಬ್ರ?" ಅಂತ ಕೇಳಿದರು.

ನನ್ನ ಮೊದಲ ಆರು ಡಿಸ್ಕು ಹೊರಗೇ ಬಿದ್ದವು. ಏಳನೇದು ಪೆಂಡಿಗೆ ಬಡಿದು ನಿಂತಿತು. ಅದು ಒಳಗೋ ಹೊರಗೋ ಅನ್ನೋ ಚರ್ಚೆ ಶುರುವಾಯಿತು. ಡಿಸ್ಕಿನ ಒಂದಿಷ್ಟು ಭಾಗ ಗೆರೆಯ ಒಳಗಿದ್ದರೂ ಒಳಗೇ ಲೆಕ್ಕ ಅಂತ ಹುಡುಗ ಒಪ್ಪಿಕೊಂಡು, ಖಾತ್ರಿ ಮಾಡಲು ಮಂಡಿಯೂರಿ ಕುಳಿತು ಒಂದು ಕಣ್ಣು ಮುಚ್ಚಿದ. ನಾನು ಇನ್ನೊಂದು ಕಡೆಯಿಂದ ಮಂಡಿಯೂರಿದೆ. ನಾವಿಬ್ಬರೂ ಹಾಗೆ ಅಳೆಯುತ್ತಿರುವಾಗ ಗೆರೆ ಎದ್ದು ಹೋಯಿತು.

ಎಮ್ಮೆ ಬಂದಿತ್ತು. ಅದನ್ನು ಕಟ್ಟುವ ಸರಪಳಿಯನ್ನೇ ನಾವು ಹೋಲಿಗೆ ಹಾಕಿದ್ದೆವಲ್ಲ, ಅದು ಸುಮ್ನೆ ಎದ್ದು ಊಟಕ್ಕೆ ಬಂದಿತ್ತು. ನಮ್ಮ ಮೂಗಿನ ಮುಂದಿನ ಪೆಂಡಿಯನ್ನೇ ಎಳೆದುಕೊಂಡಿತು. ಹಿಂದೆ ಕರು, ಅದರ ಹಿಂದೆ ಪಕ್ಕದ ಹೊಲದ ಇನ್ನೆರಡು. ನೋಡನೋಡುತ್ತಿದ್ದಂತೆ ನಡುಗಡ್ಡೆಯ ಪಶ್ಚಿಮ ತೀರ ಮಾಯವಾಯಿತು. ಹುಡುಗ ಹೋ ಹೋ ಅಂತ ಅಮೆರಿಕದ ಧಾಟಿಯಲ್ಲಿ ಓಡಿಸಲು ಹೋದ. ಎಮ್ಮೆ ಒಮ್ಮೆ ತಲೆ ಎತ್ತಿ ನೋಡಿ, ಅಗಿಯುವುದನ್ನು ಮುಂದುವರಿಸಿತು.

"ಗೆರೆಯನ್ನೇ ತಿಂದುಬಿಟ್ಟರೆ ನಿಯಮ ಏನಪ್ಪ?" ಅಂತ ಕೇಳಿದೆ. ಹುಡುಗ ಮೊಬೈಲ್ ತೆಗೆದು ನಿಯಮದ ಪುಸ್ತಕ ಹುಡುಕತೊಡಗಿದ.

ಬದುವಿನ ಮೇಲಿಂದ ಹಿರಿಯರು ಅಂದರು, "ಗೆರಿ ಯಾವುದು ಮೇವು ಯಾವುದು ಅಂತ ಎಮ್ಮಿಗೆ ಹೆಂಗ ತಿಳೀಬೇಕ್ರಿ? ಸುಣ್ಣದ್ಲೆ ಹಾಕಬೇಕಾಗಿತ್ತು."

ಆ ಹೋಲ್ ಮುಗಿಸಲು ನನಗೆ ಹದಿನೇಳು ಒಗೆತ ಬೇಕಾದವು. ಕೊನೆಗೆ ಸರಪಳಿ ಝಣ್ ಅಂದಾಗ, ಕಟ್ಟಲು ಕರೆದರು ಅಂತ ಎಮ್ಮೆ ತಾನಾಗಿಯೇ ಗಳದ ಹತ್ತಿರ ಬಂದು ನಿಂತಿತು.

ಹದಿನೆಂಟನೇದನ್ನು ಒಗೆಯಬಾರದಿತ್ತು. ಖುಷಿಯಲ್ಲಿ ಸುಮ್ನೆ ಬೀಸಿದೆ. ಹುಡುಗನ ಪ್ರೀತಿಯ ಕಿತ್ತಳೆ ಬಣ್ಣದ ಡ್ರೈವರ್ ಕಬ್ಬಿನೊಳಗೆ ಹೋಯಿತು. ಕಳೆದ ಡಿಸ್ಕು ಹುಡುಕಲು ನಿಯಮದ ಪ್ರಕಾರ ಮೂರೇ ನಿಮಿಷ. ಕಬ್ಬಿನ ಗದ್ದೆಗೆ ಆ ನಿಯಮ ಮಾಡಿದವರು ಇಳಿದಿಲ್ಲ ಅಂತ ಕಾಣುತ್ತದೆ. ಮೂರು ನಿಮಿಷದ ಹೊತ್ತಿಗೆ ಡಿಸ್ಕ್ ಬಿಡಿ, ನಾವಿಬ್ಬರೇ ಒಬ್ಬರಿಗೊಬ್ಬರು ಸಿಗುತ್ತಿರಲಿಲ್ಲ. ಕಬ್ಬಿನ ಗರಿಗೆ ಮೈಕೈ ಕೊಯ್ಯಿಸಿಕೊಂಡು ಮುಕ್ಕಾಲು ತಾಸಿನ ಮೇಲೆ ಬೇರೆಯವರ ಹೊಲದಲ್ಲಿ ಹೊರಬಿದ್ದೆವು.

ಹುಡುಗ ಜನವರಿಯಲ್ಲಿ ವಾಪಸು ಹೋದ. ಫೆಬ್ರುವರಿಯಲ್ಲಿ ಕಬ್ಬು ಕಡಿಯುವ ಗ್ಯಾಂಗ್ ಬಂತು. ನಾನು ಹೊಲಕ್ಕೆ ಹೋದಾಗ ಮಧ್ಯಾಹ್ನದ ಊಟದ ಹೊತ್ತು. ಗ್ಯಾಂಗಿನ ಅಜ್ಜಿಯೊಬ್ಬಳು ರೊಟ್ಟಿ, ಪುಂಡಿಪಲ್ಲೆ, ಉಳ್ಳಾಗಡ್ಡಿ ಇಟ್ಟುಕೊಂಡು ಉಣ್ಣುತ್ತಿದ್ದದ್ದು ಒಂದು ಕಿತ್ತಳೆ ತಟ್ಟೆಯಲ್ಲಿ. ಅಂಚು ಎತ್ತರ ಇದ್ದದ್ದಕ್ಕೆ ಪಲ್ಲೆ ಹರಿಯುತ್ತಿರಲಿಲ್ಲ. ಕೇಳಲು ಬಾಯಿ ಬರಲಿಲ್ಲ. ಫೋಟೋ ಕಳಿಸಿದೆ. ಅಮೆರಿಕದಿಂದ ಉತ್ತರ ಬಂತು: "ಕಾಕಾ, ಅಲ್ಲಿ ಫ್ರಿಸ್ಬಿ ಪೈ ಕಂಪನಿಯ ತಟ್ಟೆಗಳನ್ನು ಹುಡುಗರು ಒಗೆದಾಡಿ ಫ್ರಿಸ್ಬೀ ಅನ್ನೋ ಹೆಸರು ಬಂತು. ಈಗ ತಟ್ಟೆ ತಟ್ಟೆಗೇ ಸೇರಿತು. ಬಿಟ್ಟುಬಿಡು."

ಬಿಟ್ಟೆ.

ಇನ್ನು ನಾಲ್ಕನೇದು. ಇದನ್ನು ಆಡಿದವಳು ಅವ್ವ. ಹೋಗುವಾಗ ಹುಡುಗ ಹಾಲಿನ ಬೋಗುಣಿಯ ಪಟ್ಟರ್ ಅಲ್ಲೇ ಬಿಟ್ಟು ಹೋಗಿದ್ದ. ಒಂದು ಮಧ್ಯಾಹ್ನ ಬೆಕ್ಕು ಬಂತು. ಅವ್ವ ಮಾಳಿಗೆಯ ಮೇಲೆ ಸಂಡಿಗೆ ಕಾಯುತ್ತಿದ್ದಳು, ತೊಳೆದ ಮುಚ್ಚಳ ಅಲ್ಲೇ ಒಣಗುತ್ತಿತ್ತು. ಕೈಗೆ ಸಿಕ್ಕಿದ್ದನ್ನು ಬೆಕ್ಕಿನ ಕಡೆ ಬೀಸಿದಳು. ನಾನು ಎರಡು ತಿಂಗಳು ಸೊಂಟ ತಿರುಗಿಸಿದರೂ ಬರದ ಒಗೆತ ಅದು. ನೆಟ್ಟಗೆ ಹೋಗಿ, ಕೊನೆಗೆ ಎಡಕ್ಕೆ ಬಾಗಿ, ಪಕ್ಕದ ಮನೆಯ ಮಾಳಿಗೆಯಲ್ಲಿ ಹಪ್ಪಳಗಳ ನಡುವೆ ಒಂದು ಹಪ್ಪಳವೂ ಮುರಿಯದಂತೆ ಕುಳಿತಿತು. ಬೆಕ್ಕಿಗೆ ಏನೂ ಆಗಲಿಲ್ಲ.

ಅಮೆರಿಕದಲ್ಲಿ ಡಿಸ್ಕಿನ ಹಿಂದೆ ಫೋನ್ ನಂಬರ್ ಬರೆದಿರುತ್ತಾರೆ, ಸಿಕ್ಕವರು ಫೋನ್ ಮಾಡಿ ಮರಳಿಸುತ್ತಾರೆ. ಪಕ್ಕದ ಮನೆಯ ವೈನಿ ಸಂಜೆ ತಾವೇ ತಂದುಕೊಟ್ಟರು. ಬರಿ ತಟ್ಟೆ ಕೊಡಬಾರದು ಅಂತ ಅದರ ತುಂಬ ಕುಂದಾ ಇತ್ತು. ನಾವು ಕುಂದಾ ಬೇರೆ ಪಾತ್ರೆಗೆ ಹಾಕಿಕೊಂಡೆವು, ಅವ್ವ ಡಿಸ್ಕ್ ತೊಳೆದಿಟ್ಟಳು. ಅಲ್ಲಿಗೆ ಮುಗಿಯಬೇಕಿತ್ತು ಅಲ್ವಾ? ಇಲ್ಲ. ಕುಂದಾ ತಿಂದು ಸುಮ್ಮನಿರುವುದು ಹೇಗೆ ಅಂತ ಅವ್ವ ಅದೇ ತಟ್ಟೆಯಲ್ಲಿ ಶೇಂಗಾ ಹೋಳಿಗೆ ಕಳಿಸಿದಳು. ಆ ಕಡೆಯಿಂದ ಕರದಂಟು ಬಂತು. ಈ ಕಡೆಯಿಂದ ಮಾದಲಿ ಹೋಯಿತು.

ಮೊನ್ನೆ ಹುಡುಗ ಫೋನಿನಲ್ಲಿ "ಕಾಕಾ, ಪ್ರ್ಯಾಕ್ಟೀಸ್ ನಡದೈತೇನು?" ಅಂತ ಕೇಳಿದ. ಹೆಂಗಪ್ಪಾ ನಡೀತೈತಿ? ಸದ್ಯ ಅದು ಪಕ್ಕದ ಮನೆಯಲ್ಲಿದೆ, ಮೇಲೆ ಎಳ್ಳುಹಚ್ಚಿದ ಸಜ್ಜೆ ರೊಟ್ಟಿ ಹೋಗಿವೆ. ನಮ್ಮ ಹಾಲಿನ ಮೇಲೆ ಮುಚ್ಚಳ ಇಲ್ಲ. ಬೆಕ್ಕು ಕಟ್ಟೆಯ ಮೇಲೆ ಕುಳಿತಿದೆ.