ಹಕಲ್‌ಬೆರಿ ಫಿನ್ ಒತ್ತಿ, ಸಾಸೇಜ್ ಎಣಿಸಿಕೊಳ್ಳಿ

2009ರಲ್ಲಿ ಪೂರ್ವ ಲಂಡನ್ನಿನ ಕೆಲವು ಎಟಿಎಂಗಳು ಕಾಕ್ನಿ ಮಾತಾಡತೊಡಗಿದವು. ಕಾಕ್ನಿ ಅಂದರೆ ಆ ಭಾಗದ ಬೀದಿ ಇಂಗ್ಲಿಷು. ಅದನ್ನು ಆರಿಸಿಕೊಂಡರೆ ಯಂತ್ರ 'ಹಕಲ್‌ಬೆರಿ ಫಿನ್' ಒತ್ತಿ ಅನ್ನುತ್ತಿತ್ತು. ಅಂದರೆ ಪಿನ್. 'ಸಾಸೇಜ್ ಅಂಡ್ ಮ್ಯಾಶ್' ಅಂದರೆ ಕ್ಯಾಶ್. ಹತ್ತು ಪೌಂಡಿಗೆ 'ಸ್ಪೆಕಲ್ಡ್ ಹೆನ್', ಚುಕ್ಕೆ ಕೋಳಿ. ಟೆನ್ ಮತ್ತು ಹೆನ್ ಪ್ರಾಸ ಕೂಡಿತಲ್ಲ, ಅಷ್ಟೇ.

ಇದರ ಪದ್ಧತಿಯೇ ಹೀಗೆ. ಹೇಳಬೇಕಾದ ಮಾತಿಗೆ ಒಂದು ಪ್ರಾಸ ಹುಡುಕಬೇಕು. ಆಮೇಲೆ ಎಷ್ಟೋ ಸಲ ಪ್ರಾಸ ಇರುವ ತುಂಡನ್ನೇ ಕತ್ತರಿಸಿ ಬಿಸಾಡಬೇಕು. 'ಲುಕ್'ಗೆ ಪ್ರಾಸ 'ಬುಚರ್ಸ್ ಹುಕ್', ಕಸಾಯಿಯ ಕೊಕ್ಕೆ. ಹುಕ್ ಹೋಯಿತು, ಬುಚರ್ ಉಳಿದ. ಹಾಗಾಗಿ ಇಲ್ಲೊಮ್ಮೆ ನೋಡು ಅನ್ನಲು 'ಹ್ಯಾವ್ ಎ ಬುಚರ್ಸ್' ಅಂತಾರೆ. ಹೊಸಬ ಮಾಂಸದಂಗಡಿ ಹುಡುಕುತ್ತಾ ಹೊರಟರೆ ಅವನ ತಪ್ಪಲ್ಲ. 1950ರ ದಶಕದ ಜನಪ್ರಿಯ ಗಾಯಕಿ ರೂಬಿ ಮರ್ರೆ ಕಥೆ ಇನ್ನೂ ಚೆನ್ನಾಗಿದೆ. ಮರ್ರೆಗೆ 'ಕರಿ', ಅಂದರೆ ಮಸಾಲೆ ಸಾರು, ಪ್ರಾಸವಂತೆ. ಈಗ ಇಂಡಿಯನ್ ಹೋಟೆಲಿಗೆ ಹೋಗುವುದೇ 'ರೂಬಿ'ಗೆ ಹೋಗುವುದು. ಪಾಪ, ಅಷ್ಟೆಲ್ಲ ಹಾಡಿ ಕೊನೆಗೆ ಸಿಕ್ಕಿದ್ದು ಚಿಕನ್ ಮಸಾಲದ ಪಟ್ಟ.

19ನೇ ಶತಮಾನದಲ್ಲಿ ಬೀದಿ ವ್ಯಾಪಾರಿಗಳ ಬಾಯಲ್ಲಿ ಬೆಳೆದ ಮಾತಿದು. ಪೊಲೀಸರಿಗೂ ಗಿರಾಕಿಗೂ ತಿಳಿಯಬಾರದು ಅಂತಲೇ ಹುಟ್ಟಿತು ಎನ್ನುವವರಿದ್ದಾರೆ. ಅಂಥ ಗುಟ್ಟನ್ನು ದುಡ್ಡಿನ ಯಂತ್ರವೇ ಪರದೆ ಮೇಲೆ ಡಂಗುರ ಹೊಡೆಯಿತು! ಇನ್ನು ಪಿನ್. ಲಂಡನ್ನಿಗೆ ಮೊದಲ ಎಟಿಎಂ ಬಂದಿದ್ದೇ 1967ರಲ್ಲಿ. ಯಾವ ತಾತ ತಳ್ಳುಗಾಡಿ ಪಕ್ಕ ನಿಂತು ಪಿನ್‌ಗೆ ಪ್ರಾಸ ಕಟ್ಟಿದನೋ? ಅದೂ ಅಮೆರಿಕದ ಕಾದಂಬರಿಯೊಂದರ ಹುಡುಗನ ಹೆಸರಲ್ಲಿ.

ಈ ಮಾತಾಡುವವರ ಹೆಸರೂ ಕಾಕ್ನಿಯೇ. ಅಪ್ಪಟ ಕಾಕ್ನಿ ಆಗಲು ಲಂಡನ್ನಿನ ಸೇಂಟ್ ಮೇರಿ-ಲೆ-ಬೋ ಚರ್ಚಿನ ಗಂಟೆ ಕೇಳಿಸುವಷ್ಟು ಹತ್ತಿರ ಹುಟ್ಟಿರಬೇಕು ಅಂತ ನಿಯಮ. ಆ ಗಂಟೆಗಳು 1941ರ ಬಾಂಬಿಗೆ ಬಲಿಯಾದವು. ಹೊಸವು ಮೊಳಗಿದ್ದು 1961ರಲ್ಲಿ. ಕಟ್ಟುನಿಟ್ಟಾಗಿ ನೋಡಿದರೆ ನಡುವೆ 20 ವರ್ಷ ಒಬ್ಬ ಕಾಕ್ನಿಯೂ ಹುಟ್ಟಿಲ್ಲ. ಇವತ್ತು ಅದೇ ಪೂರ್ವ ಲಂಡನ್ನಿನ ಬ್ರಿಕ್ ಲೇನ್‌ನಲ್ಲಿ ನಿಂತರೆ ಕಿವಿಗೆ ಬೀಳುವುದು ಬಾಂಗ್ಲಾದೇಶದ ಸಿಲ್ಹೆಟಿ.

ದಯವಿಟ್ಟು ನಮ್ಮ ಬ್ಯಾಂಕುಗಳ ಮಾರ್ಕೆಟಿಂಗ್‌ನವರಿಗೆ ಈ ಸುದ್ದಿ ಮುಟ್ಟಿಸಬೇಡಿ. ಸದ್ಯ ನಮ್ಮ ಎಟಿಎಂ ಕನ್ನಡಕ್ಕೆ ತಾಮ್ರಶಾಸನದ ಗತ್ತಿದೆ. ಕನ್ನಡ ಒತ್ತಿದವರೂ ಬೆವರಿ ಇಂಗ್ಲಿಷಿಗೆ ವಾಪಸ್ ಬರುತ್ತಾರೆ. ಆದರೂ ಒಂದು ಮರ್ಯಾದೆ ಇದೆ ಅಲ್ವಾ? ನಾಳೆ ತಿಂಗಳ ಕೊನೆಯಲ್ಲಿ ಕಾರ್ಡ್ ಹಾಕಿದಾಗ, ಹಿಂದೆ ಕ್ಯೂನಲ್ಲಿದ್ದವರಿಗೂ ಕಾಣುವಂತೆ, 'ಕಾಸಿಲ್ಲ ಮಗಾ, ಸುಮ್ನೆ ಡವ್ ಮಾಡ್ಬೇಡ' ಅಂತ ಬಂದರೆ? ಅದಕ್ಕೂ ಸರ್ವಿಸ್ ಚಾರ್ಜ್ ಹಿಡಿದೇ ಹಿಡಿಯುತ್ತಾರೆ.